ಒಂದು ಭೇಟಿಗೆ ಸಿಗದ ಸುಶಿ

ಟೋಕಿಯೊಗೆ ಹೊರಟ ಪರಿಚಯದವರು ಸುಶಿಯ ಮಾತು ಬಂದರೆ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಗಿಂಜಾ ಪೇಟೆಯ ಯಾವ ಕೌಂಟರ್‌ನಲ್ಲಿ ಸೀಟು ಸಿಗಬಹುದು? ಆ ಪ್ರಶ್ನೆಯ ಹಿಂದಿನ ಚಿತ್ರ ನಮಗೆಲ್ಲ ಗೊತ್ತಿರುವಂಥದ್ದೇ. ಬಣ್ಣ ಬಳಿಯದ ಹಿನೋಕಿ ಮರದ ಕಟ್ಟೆ, ಎಂಟೋ ಹತ್ತೋ ಕುರ್ಚಿ, ಹೆಚ್ಚು ಮಾತಾಡದ ವೃದ್ಧ ಗುರು, ಅವರು ಕೊಟ್ಟದ್ದನ್ನು ಕೊಟ್ಟ ಕ್ರಮದಲ್ಲೇ ತಿನ್ನುವ ಅತಿಥಿಗಳು. 2007ರ ಕೊನೆಯಲ್ಲಿ ಬಂದ ಮಿಶೆಲಿನ್‌ನ ಮೊದಲ ಟೋಕಿಯೊ ಗೈಡ್ ಗಿಂಜಾದ ಸುಕಿಯಾಬಾಶಿ ಜಿರೋ ಅಂಗಡಿಗೆ ಮೂರು ನಕ್ಷತ್ರ ಕೊಟ್ಟಿತು. 2011ರಲ್ಲಿ ಡೇವಿಡ್ ಗೆಲ್ಬ್ ಅದೇ ಅಂಗಡಿಯ ಮೇಲೆ ಸಾಕ್ಷ್ಯಚಿತ್ರ ಮಾಡಿದರು. 2014ರಲ್ಲಿ ಒಬಾಮಾ ಅಲ್ಲಿ ಕೂತು ಉಂಡರು. ಅಲ್ಲಿಂದೀಚೆಗೆ ಸುಶಿ ಎಂದರೆ ಒಂದು ಏಣಿ: ತುದಿಯಲ್ಲಿ ಗಿಂಜಾ, ಬುಡದಲ್ಲಿ ಬೆಲ್ಟಿನ ಮೇಲೆ ತಟ್ಟೆ ತಿರುಗುವ ಕೈತೆನ್, ನಡುವೆಲ್ಲೋ ಓಣಿಯ ಸುಶಿ ಅಂಗಡಿ. ಗಿಂಜಾಕ್ಕೆ ಹೋಗಲಾಗದವರು ಸಮಾಧಾನಪಟ್ಟುಕೊಳ್ಳುವ ಜಾಗ ಅದು ಎಂಬುದು ಒಪ್ಪಿತ ಅಭಿಪ್ರಾಯ.

ನನ್ನ ಜಗಳ ಈ ಏಣಿಯ ಜೊತೆಗೆ. ಗಿಂಜಾದ ಸುಶಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅಂಥ ಕೌಂಟರ್‌ಗಳಲ್ಲಿ ಮೂರು ಸಲ ಕೂತಿದ್ದೇನೆ, ಒಂದು ಸಲವಂತೂ ಬಾಯಲ್ಲಿ ಅನ್ನ ಬಿಡಿಬಿಡಿಯಾಗಿ ಕರಗಿದ ಬಗೆ ಇವತ್ತಿಗೂ ಮರೆತಿಲ್ಲ. ಆದರೆ ಓಣಿಯ ಅಂಗಡಿ ಅದರ ಕಡಿಮೆ ದರ್ಜೆಯ ನಕಲು ಎನ್ನುವುದು ತಪ್ಪು. ಅದು ಬೇರೆಯದೇ ಆದ ಒಂದು ಪ್ರಕಾರ, ಅದರ ಕಸುಬನ್ನು ಅಳೆಯಲು ಬೇರೆಯದೇ ಮಾನದಂಡ ಬೇಕು. ಇದನ್ನು ಹೇಳುವಾಗ ಇನ್ನೊಂದು ಗುಂಪಿನಿಂದಲೂ ದೂರ ನಿಲ್ಲಬೇಕಾಗುತ್ತದೆ. ಓಣಿಯ ಸುಶಿಯ ಪರ ವಹಿಸುವವರೆಲ್ಲ ಸಾಮಾನ್ಯವಾಗಿ ಅದರ ‘ಆತ್ಮೀಯತೆ’ಯನ್ನು ಹೊಗಳುತ್ತಾರೆ. ಮನೆಯ ವಾತಾವರಣ, ಹಳೆಯ ಟೋಕಿಯೊದ ಘಮ, ನಗುಮುಖ. ಈ ಹೊಗಳಿಕೆ ನನಗೆ ಗಿಂಜಾದವರ ತಾತ್ಸಾರಕ್ಕಿಂತ ಹೆಚ್ಚು ಬೇಸರ ತರುತ್ತದೆ. ನಲವತ್ತು ವರ್ಷ ಚಾಕು ಹಿಡಿದವನ ಕೈಚಳಕವನ್ನು ಬಿಟ್ಟು ಅವನ ನಗುವಿಗೆ ಅಂಕ ಕೊಡುವುದು ಯಾವ ಮರ್ಯಾದೆ?

ನಾನು ಐದು ವರ್ಷ ಇದ್ದದ್ದು ಎದೊಗಾವಾ ವಾರ್ಡಿನ ನಿಶಿ-ಕಸಾಯಿಯಲ್ಲಿ. ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್‌ನವರು ಮೊದಲು ಮನೆ ಹುಡುಕುವ ಪ್ರದೇಶ ಅದು, ದಿನಸಿ ಅಂಗಡಿಯಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಒಂದು ಕಾಲಕ್ಕೆ ಕಸಾಯಿಯ ಕಡಲಂಚಿನಲ್ಲಿ ನೋರಿ, ಅಂದರೆ ಸುಶಿಗೆ ಸುತ್ತುವ ಕಡಲಪಾಚಿ, ಬೆಳೆಯುತ್ತಿದ್ದರು. ಕುಂದಾಪುರದ ಕಡೆಯವನಾದ ನನಗೆ ಮೀನಿನ ವಾಸನೆಯ ಜಾಡು ಹಿಡಿಯುವುದು ಕಷ್ಟವಾಗಲಿಲ್ಲ. ಸ್ಟೇಷನ್‌ನಿಂದ ಮನೆಗೆ ಬರುವ ದಾರಿಯಲ್ಲಿ ನೀಲಿ ನೋರೆನ್ ಪರದೆ ಇಳಿಬಿಟ್ಟ ಒಂದು ಅಂಗಡಿ. ಏಳು ಕುರ್ಚಿ, ಎರಡು ಮೇಜು, ಗಾಜಿನ ಪೆಟ್ಟಿಗೆಯೊಳಗೆ ಮೀನು, ಗೋಡೆಯ ಮೇಲೆ ಮೀನಿನ ಹೆಸರು ಬರೆದ ಮರದ ಪಟ್ಟಿಗಳು, ಮೂಲೆಯ ಟೀವಿಯಲ್ಲಿ ಸುಮೋ. ಕಟ್ಟೆಯ ಹಿಂದೆ ತೈಶೋ, ಅಂದರೆ ಅಂಗಡಿಯ ಯಜಮಾನರು, ಚಹಾಕ್ಕೂ ಲೆಕ್ಕಕ್ಕೂ ಅವರ ಹೆಂಡತಿ ಒಕಾಮಿ-ಸಾನ್. ಮಧ್ಯಾಹ್ನ ಸಾವಿರ ಯೆನ್ ಚಿಲ್ಲರೆಗೆ ಒಂದು ಸೆಟ್. ಗಿಂಜಾದ ಒಂದು ರಾತ್ರಿಯ ದುಡ್ಡಿನಲ್ಲಿ ಇಲ್ಲಿ ತಿಂಗಳಿಡೀ ಮಧ್ಯಾಹ್ನ ಉಣ್ಣಬಹುದಿತ್ತು.

ಅಲ್ಲಿ ನಾನು ಕಂಡ ಒಂದು ಕೆಲಸವನ್ನು ಹತ್ತಿರದಿಂದ ಹೇಳುತ್ತೇನೆ. ಗುರುವಾರದ ಸಂಜೆಗಳಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಕೊನೆಯ ಕುರ್ಚಿಗೆ ಬರುತ್ತಿದ್ದರು. ಅವರಿಗೆ ಇಕಾ ಇಷ್ಟ, ಎಂದರೆ ನಮ್ಮ ಬೊಂಡಾಸ್. ಆ ಸಂಜೆ ನಾನೂ ಅದನ್ನೇ ಕೇಳಿದ್ದೆ. ನನ್ನ ತುಂಡಿನ ಮೇಲೆ ಚಾಕುವಿನ ಐದಾರು ಗೆರೆ. ಅಜ್ಜಿಯ ತುಂಡಿನ ಮೇಲೆ, ಬಗ್ಗಿ ನೋಡಿದರೆ ಮಾತ್ರ ಕಾಣುವ ಹಾಗೆ, ಎರಡೂ ದಿಕ್ಕಿನಲ್ಲಿ ಕೂದಲೆಳೆಯಷ್ಟು ಹತ್ತಿರದ ಗೆರೆಗಳು. ತುಂಡು ಹರಿದಿರಲಿಲ್ಲ, ಹೊಳಪೂ ಕೆಟ್ಟಿರಲಿಲ್ಲ. ಕೆಳಗಿನ ಅನ್ನ ನನ್ನದರ ಮುಕ್ಕಾಲು ಭಾಗದಷ್ಟು. ಅಜ್ಜಿ ಕೇಳಿರಲಿಲ್ಲ, ತೈಶೋ ಹೇಳಲೂ ಇಲ್ಲ. ಎರಡು ಚಳಿಗಾಲದ ಹಿಂದೆ ಅದೇ ಅಜ್ಜಿಗೆ ನನ್ನಂಥದ್ದೇ ತುಂಡು ಹೋಗುತ್ತಿದ್ದುದನ್ನು ನಾನು ನೋಡಿದ್ದೆ. ಅಂದರೆ ಅವರ ಹಲ್ಲು ಸೋಲುತ್ತ ಹೋದ ಹಾಗೆ ಗೆರೆಗಳು ಹೆಚ್ಚುತ್ತ, ಹಸಿವು ಕುಗ್ಗಿದ ಹಾಗೆ ಅನ್ನ ಕುಗ್ಗುತ್ತ ಬಂದಿತ್ತು. ಆ ಸುಶಿಯನ್ನು ಮಾಡಲು ಎರಡು ವರ್ಷ ಹಿಡಿದಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಇದನ್ನು ನೀವು ಆತ್ಮೀಯತೆ ಎಂದು ಕರೆದರೆ ನಾನು ತಕರಾರು ಮಾಡುತ್ತೇನೆ. ಪ್ರೀತಿ ಎಷ್ಟಿದ್ದರೂ ಬೊಂಡಾಸ್ ಹರಿಯದ ಹಾಗೆ ಅಷ್ಟು ಹತ್ತಿರ ಗೀರಲು ಬರುವುದಿಲ್ಲ. ಅದು ಶುದ್ಧ ತಂತ್ರ.

ಇಲ್ಲಿ ಎದುರು ವಾದ ಬರುತ್ತದೆ, ಅದು ಬಲವಾದದ್ದೇ. ಗೆಲ್ಬ್‌ರ ಚಿತ್ರದಲ್ಲೇ ಅಂಗಡಿಯ ಗುರು ಜಿರೋ ಓನೋ ಎಡಗೈಯವರನ್ನು ಗಮನಿಸಿ ಸುಶಿ ಇಡುವ ದಿಕ್ಕು ಬದಲಿಸುತ್ತಾರೆ, ಹೆಂಗಸರಿಗೆ ತುಂಡು ಚಿಕ್ಕದು ಮಾಡುತ್ತಾರೆ. ಹಾಗಾದರೆ ಗಿಂಜಾದವರೂ ಎದುರು ಕೂತವರನ್ನು ನೋಡುತ್ತಾರಲ್ಲ? ನೋಡುತ್ತಾರೆ, ಅಸಾಧಾರಣ ಚುರುಕಿನಿಂದಲೇ ನೋಡುತ್ತಾರೆ. ಆದರೆ ತುಂಡು ಚಿಕ್ಕದಾಗುವುದು ಏಕೆ ಎನ್ನುವುದಕ್ಕೆ ಚಿತ್ರದಲ್ಲೇ ಉತ್ತರವಿದೆ: ಎಲ್ಲರಿಗೂ ಒಂದೇ ಅಳತೆಯಾದರೆ ಊಟದ ಲಯ ಕೆಡುತ್ತದೆ. ಅಲ್ಲಿ ತಿನ್ನುವವರನ್ನು ಊಟದ ಲಯಕ್ಕೆ ಹೊಂದಿಸಿಕೊಳ್ಳುತ್ತಾರೆ. ಇಪ್ಪತ್ತು ತುಂಡು, ಅರ್ಧ ಗಂಟೆ, ಒಂದು ಸಂಯೋಜನೆ. ಓಣಿಯ ಅಂಗಡಿಯಲ್ಲಿ ಊಟವೇ ತಿನ್ನುವವರಿಗೆ ಹೊಂದಿಕೊಳ್ಳುತ್ತದೆ. ಮೊದಲನೆಯದು ಸಂಗೀತ ಕಚೇರಿ, ಎರಡನೆಯದು ಪಾಠ. ಎರಡಕ್ಕೂ ವಿದ್ವತ್ತು ಬೇಕು. ಆದರೆ ಪಾಠ ಹೇಳುವ ವಿದ್ವಾಂಸರನ್ನು ಕಚೇರಿಯ ಮಾನದಂಡದಲ್ಲಿ ಅಳೆದು ಕಡಿಮೆ ಅಂಕ ಕೊಡುವವರಿಗೆ ಸಂಗೀತ ಅರ್ಥವಾಗಿದೆಯೇ?

ಗೈಡ್‌ಗಳ ನಾಲಿಗೆಯ ಬಗ್ಗೆ ನನಗೆ ದೂರಿಲ್ಲ, ದೂರಿರುವುದು ಅವುಗಳ ಘಟಕದ ಬಗ್ಗೆ. ಅವು ಅಳೆಯುವುದು ‘ಭೇಟಿ’ಯನ್ನು. ಅಪರಿಚಿತನೊಬ್ಬ ಬರುತ್ತಾನೆ, ಉಣ್ಣುತ್ತಾನೆ, ಬರೆಯುತ್ತಾನೆ. 2019ರಲ್ಲಿ ಮಿಶೆಲಿನ್ ಜಿರೋವನ್ನು ಗೈಡ್‌ನಿಂದ ಕೈಬಿಟ್ಟಾಗ ಕೊಟ್ಟ ಕಾರಣ ಇದನ್ನು ಬಿಚ್ಚಿಟ್ಟಿತು: ಸಾರ್ವಜನಿಕರಿಗೆ ನೇರವಾಗಿ ರಿಸರ್ವೇಶನ್ ಸಿಗುವುದಿಲ್ಲ. ರುಚಿ ಇಳಿದಿದೆಯೆಂದು ಅವರು ಹೇಳಲಿಲ್ಲ. ಅಪರಿಚಿತನಿಗೆ ಬಾಗಿಲಿಲ್ಲದ ಅಂಗಡಿಯನ್ನು ಆ ಅಳತೆಗೋಲು ಮುಟ್ಟಲಾರದು, ಅಷ್ಟೇ. ಹಾಗಿದ್ದ ಮೇಲೆ ಪರಿಚಿತರಿಗಾಗಿಯೇ ಬಾಳುವ ಸಾವಿರಾರು ಅಂಗಡಿಗಳ ಬಗ್ಗೆ ಅದು ಮೌನವಾಗಿರಬೇಕಿತ್ತು. ನಾವು ಆ ಮೌನವನ್ನೇ ತೀರ್ಪು ಎಂದು ಓದಿಕೊಂಡೆವು.

‘ಒಮಾಕಾಸೆ’ ಎಂಬ ಪದಕ್ಕೆ ಆದದ್ದನ್ನು ನೋಡಿ. ‘ನಿಮಗೇ ಬಿಟ್ಟಿದ್ದೇನೆ’ ಎಂಬುದು ಅದರ ಅರ್ಥ. ಬಿಡಬೇಕಾದರೆ ನನ್ನ ನಾಲಿಗೆ ಅವರಿಗೆ ಗೊತ್ತಿರಬೇಕು. ನನ್ನ ಓಣಿಯಲ್ಲಿ ಮೊದಲ ಒಂದು ವರ್ಷ ನಾನು ಮಾಡಿದ್ದು ‘ಒಕೊನೊಮಿ’, ಅಂದರೆ ಬೇಕಾದ್ದನ್ನು ಒಂದೊಂದಾಗಿ ಕೇಳಿ ತಿನ್ನುವುದು. ಸಾಬಾ ಕೇಳಿದೆ, ಬಂಗುಡೆಯ ರುಚಿಯ ಆಸೆಗೆ. ವಿನಿಗರ್ ಹೆಚ್ಚಾಯಿತು ಅನಿಸಿ ಮುಖ ಕಿವುಚಿದೆ, ತೈಶೋ ನೋಡಿದರು. ಅನಾಗೊ, ಅಂದರೆ ಕಡಲ ಹಾವುಮೀನು, ಎರಡು ಸಲ ಕೇಳಿದೆ, ಅದನ್ನೂ ನೋಡಿದರು. ಇಷ್ಟೆಲ್ಲ ಆದ ಮೇಲೆ ಒಂದು ದಿನ ‘ನಿಮಗೇ ಬಿಟ್ಟೆ’ ಎಂದೆ, ಆ ಮಾತಿಗೆ ಆಗ ಅರ್ಥವಿತ್ತು. ಮೊದಲ ಸಲ ಬಂದ ಎಂಟು ಅಪರಿಚಿತರು ಒಂದೇ ಹೊತ್ತಿಗೆ ಕೂತು ಒಂದೇ ಹದಿನೆಂಟು ತುಂಡು ತಿಂದು ಏಳುವುದಕ್ಕೂ ಇದೇ ಹೆಸರಿಟ್ಟರೆ, ಅದಕ್ಕೆ ನೇರವಾಗಿ ಸೆಟ್ ಮೀಲ್ ಎನ್ನಬಹುದು.

ಇತಿಹಾಸವೂ ಏಣಿಯ ಪರವಾಗಿಲ್ಲ. ನಿಗಿರಿಯನ್ನು, ಅಂದರೆ ಅನ್ನದ ಮೇಲೆ ಮೀನಿಟ್ಟು ಒತ್ತುವ ಸುಶಿಯನ್ನು, 1820ರ ದಶಕದ ಎದೋದಲ್ಲಿ, ಅಂದರೆ ಹಳೆಯ ಟೋಕಿಯೊದಲ್ಲಿ, ಹನಾಯಾ ಯೊಹೇ ಜನಪ್ರಿಯಗೊಳಿಸಿದ ಕಥೆ, ಬೀದಿಯ ಗಾಡಿಗಳ ಕಥೆ ಎಲ್ಲರೂ ಹೇಳುವಂಥದ್ದು, ನಾನು ಮತ್ತೆ ಹೇಳುವುದಿಲ್ಲ. ಯಾರೂ ಅಷ್ಟಾಗಿ ನೆನೆಯದ ವರ್ಷ 1947. ಯುದ್ಧ ಮುಗಿದು ಅಕ್ಕಿಗೆ ಬರ. ಸರ್ಕಾರ ಹೋಟೆಲುಗಳನ್ನು ಮುಚ್ಚಿಸಿತು. ಸುಶಿಯವರು ಒಂದು ದಾರಿ ಹುಡುಕಿದರು: ನಾವು ಊಟ ಮಾರುವವರಲ್ಲ, ಜನ ತಂದ ಅಕ್ಕಿಯನ್ನು ಸುಶಿ ಮಾಡಿಕೊಡುವ ಕೂಲಿಯವರು. ರೇಶನ್ ಅಕ್ಕಿಯಲ್ಲಿ ಒಂದು ‘ಗೊ’, ಅಂದರೆ 180 ಮಿ.ಲೀ. ಅಳತೆಯ ಅಕ್ಕಿ ತಂದುಕೊಟ್ಟರೆ ಹತ್ತು ತುಂಡು ಸಿಗುತ್ತಿತ್ತು, ಕೂಲಿ ಬೇರೆ. ಇಂದಿಗೂ ಒಬ್ಬರ ಪಾಲು ಎಂದರೆ ಹತ್ತರ ಆಸುಪಾಸು ಇರುವುದು ಆ ಲೆಕ್ಕದ ಗುರುತು. ನಮ್ಮೂರಲ್ಲಿ ಅಕ್ಕಿ ಒಯ್ದು ಗಿರಣಿಯಲ್ಲಿ ಹಿಟ್ಟು ಮಾಡಿಸಿಕೊಂಡು ಬರುವ ಹಾಗೆ, ಟೋಕಿಯೊದ ಜನ ಮನೆಯ ಅಕ್ಕಿಯ ಪೊಟ್ಟಣ ಹಿಡಿದು ಓಣಿಯ ಅಂಗಡಿಗೆ ನಡೆದರು. ಈಗಿನ ಸುಶಿಯ ಅಳತೆ ಗಟ್ಟಿಯಾದದ್ದು ತಿನ್ನುವವರ ಸ್ವಂತ ಅಕ್ಕಿಯಲ್ಲಿ. ಅಂಥ ತಿನಿಸಿನ ಪರಮ ರೂಪವನ್ನು ಬಾಯಿ ಬಿಡದ ಅತಿಥಿಯಲ್ಲಿ ಹುಡುಕುವುದು ನನಗೆ ಇತಿಹಾಸದ ಮರೆವಿನ ಹಾಗೆ ಕಾಣುತ್ತದೆ.

ಮೀನಿನ ಗುಣಮಟ್ಟದ ಪ್ರಶ್ನೆ ಬಾಕಿ ಇದೆ. ಅತ್ಯುತ್ತಮ ಟ್ಯೂನಾ ತೊಯೊಸು ಮಾರುಕಟ್ಟೆಯಿಂದ ಗಿಂಜಾಕ್ಕೇ ಹೋಗುತ್ತದೆ, ನಿಜ. ನನ್ನ ತೈಶೋ ಕೊಡುತ್ತಿದ್ದ ಟ್ಯೂನಾ ಕೆಲವು ದಿನ ಸಪ್ಪೆ, ಚಳಿಗಾಲದಲ್ಲೂ ಸಪ್ಪೆ. ಆದರೆ ಎದೋಮಾಯೆ ಎಂಬ ಹಳೆಯ ಟೋಕಿಯೊದ ಸುಶಿ ಪರಂಪರೆ ಮೆರೆದದ್ದು ದುಬಾರಿ ಮೀನಿನಿಂದಲ್ಲ. ಐಸಿಲ್ಲದ ಕಾಲದಲ್ಲಿ ಕೊಲ್ಲಿಯ ಸಾಧಾರಣ ಮೀನಿಗೆ ಉಪ್ಪು, ವಿನಿಗರ್, ಸೋಯಾ, ಬೆಂಕಿ ತಾಗಿಸಿ ಮಾಡುತ್ತಿದ್ದ ‘ಶಿಗೊತೊ’ದಿಂದ, ಅಂದರೆ ಕೆಲಸದಿಂದ. ಇಂದು ಎಲ್ಲರೂ ಕಣ್ಣು ಮುಚ್ಚಿ ಸವಿಯುವ ತೊರೊ, ಟ್ಯೂನಾದ ಕೊಬ್ಬಿನ ಹೊಟ್ಟೆಭಾಗ, ಯುದ್ಧದ ಮುಂಚೆ ಬೆಲೆಯಿಲ್ಲದ ಮಾಲು. ಈ ಕಸುಬಿನ ಒರೆಗಲ್ಲು ಕೊಹಾದಾ: ಬೂತಾಯಿಯ ದೂರದ ನೆಂಟ, ಬೆಳ್ಳಿ ಚರ್ಮದ ಮೇಲೆ ಕರಿಚುಕ್ಕೆ, ಬೆಳೆದಂತೆಲ್ಲ ಬೆಲೆ ಇಳಿಯುವ ಮೀನು. ಸೀಳಿ, ಉಪ್ಪು ಹಾಕಿ, ತೊಳೆದು, ವಿನಿಗರ್‌ನಲ್ಲಿ ಅದ್ದಿ, ಆಮೇಲೆ ಸುಮ್ಮನೆ ಇಡಬೇಕು. ಉಪ್ಪು ಎಷ್ಟು ನಿಮಿಷ ಎನ್ನುವುದು ಮೀನಿನ ಗಾತ್ರ, ಕೊಬ್ಬು, ಆ ದಿನದ ಸೆಕೆಯ ಮೇಲೆ ನಿಂತಿರುತ್ತದೆ. ದುಡ್ಡು ಸುರಿದರೆ ಟ್ಯೂನಾ ಒಳ್ಳೆಯದಾಗುತ್ತದೆ, ಕೊಹಾದಾ ಆಗುವುದಿಲ್ಲ. ಅಲ್ಲಿ ನನ್ನ ಓಣಿ ಗಿಂಜಾಕ್ಕೆ ಎಲ್ಲೂ ಸೋಲಲಿಲ್ಲ.

ಇನ್ನೊಂದು ಕಲೆಯಿದೆ, ಅದು ಏಣಿಯವರ ಲೆಕ್ಕಕ್ಕೇ ಬರುವುದಿಲ್ಲ. ದೆಮಾಯೆ, ಅಂದರೆ ಮನೆಗೆ ಕಳಿಸುವ ಸುಶಿ. ನೆಂಟರು ಬಂದಾಗ, ತಿಥಿಯ ದಿನ, ಅರಗಿನ ಮೆರುಗಿನ ದುಂಡು ಪಾತ್ರೆಯಲ್ಲಿ ಸುಶಿ ಮನೆಗೆ ಹೋಗುತ್ತದೆ. ಗಿಂಜಾದ ಸೂತ್ರದ ಪ್ರಕಾರ ನಿಗಿರಿ ಕಟ್ಟೆಗೆ ಬಂದ ಕೂಡಲೇ ಬಾಯಿಗೆ ಹೋಗಬೇಕು, ತಡವಾದರೆ ಸತ್ತಿತು. ಮನೆಗೆ ಹೋಗುವ ತುಂಡನ್ನು ತೈಶೋ ಸ್ವಲ್ಪ ಬಿಗಿಯಾಗಿ ಹಿಡಿಯುತ್ತಿದ್ದರು, ನೀರು ಬಿಡುವ ಮೀನನ್ನು ಕೈಬಿಟ್ಟು ಬೆಂದದ್ದನ್ನು, ಉಪ್ಪಿನಲ್ಲಿ ಪಳಗಿದ್ದನ್ನು ಆರಿಸುತ್ತಿದ್ದರು. ಮುಕ್ಕಾಲು ಗಂಟೆಯ ನಂತರ, ತಾನು ಎದುರಿಗಿಲ್ಲದ ಕಡೆ, ರುಚಿ ತಲುಪಬೇಕು. ಕ್ಷಣಕ್ಕಾಗಿ ಮಾಡುವ ಸುಶಿಗಿಂತ ಇದು ಸುಲಭವೆಂದು ಯಾರು ನಿರ್ಧರಿಸಿದರು?

ಇಷ್ಟೆಲ್ಲ ಹೇಳಿ ಓಣಿಯ ಅಂಗಡಿಗಳ ದೋಷ ಮುಚ್ಚಿದರೆ ಅಪ್ರಾಮಾಣಿಕನಾಗುತ್ತೇನೆ. ಗೋಡೆಯ ಪಟ್ಟಿಯಲ್ಲಿ ಬೆಲೆಯ ಜಾಗಕ್ಕೆ ‘ಜಿಕಾ’, ಅಂದರೆ ಆ ದಿನದ ದರ, ಎಂದು ಬರೆದಿಡುವುದು ಹೊಸಬರಿಗೆ ಬೆದರಿಕೆಯೇ. 1958ರಲ್ಲಿ ಶಿರಾಯಿಶಿ ಯೊಶಿಆಕಿ ಒಸಾಕಾದ ಬಳಿ ಮೊದಲ ಕೈತೆನ್ ತೆರೆದಾಗ ಜನ ಮುಗಿಬಿದ್ದದ್ದರಲ್ಲಿ ಬೆಲೆ ಕಣ್ಣೆದುರೇ ಇತ್ತೆಂಬ ನೆಮ್ಮದಿಗೂ ಪಾಲಿದೆ. ಆ ಅಪಾರದರ್ಶಕತೆಗೆ ಓಣಿಯವರು ತೆತ್ತ ಬೆಲೆ ನ್ಯಾಯವಾದದ್ದು. ಅದಕ್ಕಿಂತ ದೊಡ್ಡ ದೋಷ ಬಾಗಿಲಿನದು. ಪರಿಚಿತರ ಮೇಲೆ ನಿಂತ ಅಂಗಡಿ ಅಪರಿಚಿತರನ್ನು ಹೊರಗಿಡುವುದು ಸುಲಭ. ಬೇರೊಂದು ಓಣಿಯಲ್ಲಿ ನಾಲ್ಕು ಕುರ್ಚಿ ಖಾಲಿಯಿದ್ದಾಗಲೇ ನನ್ನ ಮುಖ ನೋಡಿ ‘ತುಂಬಿದೆ’ ಎಂದರು. ಆ ರಾತ್ರಿಯ ಅವಮಾನ ನನಗೆ ಚೆನ್ನಾಗಿ ನೆನಪಿದೆ. ನಾನು ಎತ್ತಿಹಿಡಿಯುವ ಕಸುಬಿಗೂ ಆ ಮುಚ್ಚಿದ ಬಾಗಿಲಿಗೂ ಬೇರು ಒಂದೇ ಎಂಬುದು ನನ್ನ ವಾದಕ್ಕೆ ಇರುವ ನಿಜವಾದ ತೊಡಕು. ಅದನ್ನು ಬಿಡಿಸಲು ನನಗೆ ಆಗಿಲ್ಲ. ನೋರೆನ್ ಸರಿಸಿ ಒಳಗೆ ಹೋದ ಹೊಸಬನನ್ನು ಕೂರಿಸಿಕೊಳ್ಳುವುದೂ ಆ ಕಸುಬಿನದೇ ಭಾಗ, ಅದನ್ನು ಮಾಡದವರು ಅರ್ಧ ಕಸುಬಿನವರು ಎಂದಷ್ಟೇ ಹೇಳಬಲ್ಲೆ.

ನನ್ನ ತೈಶೋ ಕೂರಿಸಿಕೊಂಡರು. ಮೊದಲ ವಾರದಲ್ಲೇ ನಾನು ಪುಸ್ತಕದಲ್ಲಿ ಓದಿದ್ದ ಜ್ಞಾನ ತೋರಿಸಲು ಕೊಹಾದಾ ಕೇಳಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇತ್ತು, ಹೊಳೆಯುತ್ತಿತ್ತು. ಅವರು ಒಂದು ತುಂಡಿನ ಚರ್ಮವನ್ನು ಬೆರಳ ತುದಿಯಿಂದ ಒತ್ತಿ ನೋಡಿ ತಲೆಯಾಡಿಸಿದರು. ಉಪ್ಪು ಇನ್ನೂ ಒಳಗೆ ಇಳಿದಿಲ್ಲ, ನಾಳೆ ಬನ್ನಿ ಎಂದರು. ಮಾರಬಹುದಿತ್ತು, ನನಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಮರುದಿನ ಕೆಲಸ ಬೇಗ ಮುಗಿಸಿ ಹೋದೆ.