ಭಾನುವಾರದ ಬೊಗೊಟಾ

ಕೊಲಂಬಿಯಾದ ರಾಜಧಾನಿ ಬೊಗೊಟಾ ಇರುವುದು ಸುಮಾರು 2,600 ಮೀಟರ್ ಎತ್ತರದಲ್ಲಿ, ಆಂಡಿಸ್ ಬೆಟ್ಟಗಳ ಮಗ್ಗುಲಲ್ಲಿ. ವಾರವಿಡೀ ವಾಹನಗಳಿಂದ ಕಿಕ್ಕಿರಿಯುವ ಈ ಊರನ್ನು ಭಾನುವಾರ ನೋಡಬೇಕು. ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಮುಖ್ಯರಸ್ತೆಗಳು ಸೈಕಲ್ಲಿಗೆ, ನಡಿಗೆಗೆ, ಓಟಕ್ಕೆ ಮೀಸಲು. 1974ರಲ್ಲಿ ಶುರುವಾದ ಈ ‘ಸಿಕ್ಲೊವಿಯಾ’ ಇಂದಿಗೂ ನಡೆಯುತ್ತಿದೆ.

ಸೆಪ್ಟಿಮಾ ರಸ್ತೆಯಲ್ಲಿ ಸೈಕಲ್ ಕಲಿಯುವ ಮಕ್ಕಳು, ಸ್ಕೇಟಿಂಗ್ ಹುಡುಗಿಯರು, ನಿಧಾನ ಹೆಜ್ಜೆಯ ಅಜ್ಜ ಅಜ್ಜಿಯರು ಒಟ್ಟಿಗೇ ಸಾಗುತ್ತಾರೆ. ಬದಿಯಲ್ಲಿ ಕಿತ್ತಳೆ ಹಿಂಡಿ ರಸ ಕೊಡುವವರು, ಪಂಕ್ಚರ್ ಹಾಕುವವರು. ಉದ್ಯಾನಗಳಲ್ಲಿ ಉಚಿತ ಏರೋಬಿಕ್ಸ್. ಟಿಕೆಟ್ಟಿಲ್ಲ, ಬೇಲಿಯಿಲ್ಲ. ದಕ್ಷಿಣದ ಬಡ ಬಡಾವಣೆಗಳವರೂ ಉತ್ತರದ ಸಿರಿವಂತರೂ ಅದೇ ರಸ್ತೆಗಿಳಿಯುತ್ತಾರೆ. ರಸ್ತೆ ಜನರದ್ದು ಎಂಬುದನ್ನು ವಾರವಾರವೂ ನಡೆದು ತೋರಿಸುವ ಈ ನಗರವನ್ನು ನಾನು ಮನಸಾರೆ ಮೆಚ್ಚುತ್ತೇನೆ.