ಗಂಗಮ್ಮನಿಗೊಂದು ತುತ್ತು

‘ಭೈರಪ್ಪನವರ ಪುಸ್ತಕ ಓದಿದರೆ ಎರಡು ದಿನ ಊಟ ಸೇರುವುದಿಲ್ಲ’ ಎಂದು ನಮ್ಮ ಶಾಲೆಯಲ್ಲಿದ್ದ ಹಿರಿಯ ಶಿಕ್ಷಕಿಯೊಬ್ಬರು ಹೇಳುತ್ತಿದ್ದರು. ಊಟ ಸೇರದಿದ್ದರೂ ಅವರ ಮುಂದಿನ ಪುಸ್ತಕವನ್ನು ಓದದೆ ಬಿಟ್ಟವರಲ್ಲ. 2025ರ ಸೆಪ್ಟೆಂಬರ್ 24ರಂದು ಎಸ್.ಎಲ್. ಭೈರಪ್ಪನವರು ತೀರಿಕೊಂಡರು. ದಸರೆಯ ರಜೆ ಮುಗಿದು ಶಾಲೆ ತೆರೆದಾಗ, ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ನಾವು ನಾಲ್ವರು ಶಿಕ್ಷಕಿಯರಿಗೆ ಅದೇ ಮಾತು. ಒಬ್ಬರು ‘ಅಂಥ ಲೇಖಕರು ಇನ್ನು ಹುಟ್ಟೋದಿಲ್ಲ’ ಎಂದರು. ಪಕ್ಕದವರು, ‘ದೊಡ್ಡವರು ಖರೆ. ಆದ್ರ ಅವರ ಪುಸ್ತಕದಾಗಿನ ಮಂದಿ ಕೂಡ ಒಂದಿನ ಒಂದು ಮನ್ಯಾಗ ಇರ್ಲಿಕ್ಕೆ ಆಗೋದಿಲ್ಲ ನೋಡ್ರಿ’ ಎಂದರು. ಬಸ್ಸು ಸಸ್ತಾಪುರ ಬಂಗ್ಲಾ ದಾಟುವಷ್ಟರಲ್ಲಿ ನಮ್ಮಲ್ಲಿ ಎರಡು ಪಕ್ಷಗಳಾಗಿದ್ದವು.

ಈ ಜಗಳ ನಮ್ಮಲ್ಲಿ ಹಳೆಯದು. ‘ಗೃಹಭಂಗ’ ಬಂದದ್ದು 1970ರಲ್ಲಿ. ಅದರಲ್ಲಿ ಬರುವ ವಿಧವೆ ಗಂಗಮ್ಮನ ಬಾಯಿಂದ ಬರುವ ಬೈಗುಳಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದುವಂತಿಲ್ಲ. ಹಿರಿಯ ಮಗ ಚೆನ್ನಿಗರಾಯ, ಹೆಂಡತಿ ಮಕ್ಕಳು ಹಸಿದಿದ್ದರೂ ತನ್ನ ಹೊಟ್ಟೆಯನ್ನು ಮಾತ್ರ ನೋಡಿಕೊಳ್ಳುವವನು. ಇವರ ನಡುವೆ ಸೊಸೆ ನಂಜಮ್ಮ ಗಂಡ ಬರೆಯಬೇಕಾದ ಶ್ಯಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಸಂಸಾರ ನಡೆಸುತ್ತಾಳೆ. ಪ್ಲೇಗಿನಲ್ಲಿ ಎರಡು ಮಕ್ಕಳನ್ನು ಕಳೆದುಕೊಂಡು, ಕೊನೆಗೆ ತಾನೂ ಅದೇ ರೋಗಕ್ಕೆ ಬಲಿಯಾಗುತ್ತಾಳೆ. ಚೆನ್ನಿಗರಾಯ ಮಾತ್ರ ಚೆನ್ನಾಗಿಯೇ ಉಳಿಯುತ್ತಾನೆ. ‘ಇಂಥವರ ಕಥೆ ಯಾಕೆ ಓದಬೇಕು?’ ಎಂದು ಪುಸ್ತಕವನ್ನು ಅರ್ಧಕ್ಕೇ ಮುಚ್ಚಿಟ್ಟವರು ನನ್ನ ಗೆಳತಿಯರಲ್ಲಿದ್ದಾರೆ. ‘ಗಂಗಮ್ಮ ನಮ್ಮ ಮನೆಯಲ್ಲೇ ಇದ್ದಾಳೆ, ಬರೆದವರು ನೋಡಿ ಹೋದಂತಿದೆ’ ಎಂದವರೂ ಇದ್ದಾರೆ.

ನಾನು ಎರಡನೆಯ ಗುಂಪಿನವಳು. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದ ಹೊಸದರಲ್ಲಿ ಗ್ರಂಥಾಲಯದಿಂದ ಆ ಪುಸ್ತಕ ತಂದಿದ್ದೆ. ನನ್ನ ಅತ್ತೆಗೆ ಓದು ಬರಹವಿರಲಿಲ್ಲ, ಕಥೆ ಕೇಳುವ ಆಸೆ ಬಹಳ. ಬಾಯಿಯೂ ಜೋರು. ರಾತ್ರಿ ಪಾತ್ರೆ ತೊಳೆದ ಮೇಲೆ, ಬೈಗುಳ ಬಂದಲ್ಲಿ ಹಾರಿಸುತ್ತ, ಅವರಿಗೆ ಓದಿ ಹೇಳುತ್ತಿದ್ದೆ. ಹಳೇ ಮೈಸೂರಿನ ಆ ಮಾತು ನಮ್ಮ ಕಡೆಯವರಿಗೆ ಅರ್ಧ ತಿಳಿಯದು. ನಮ್ಮ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ನಿಜ ಹೇಳುತ್ತೇನೆ, ನನ್ನ ಉದ್ದೇಶ ಸ್ವಚ್ಛವಾಗಿರಲಿಲ್ಲ. ಗಂಗಮ್ಮನಲ್ಲಿ ಅತ್ತೆ ತಮ್ಮ ಮುಖ ನೋಡಿಕೊಳ್ಳಲಿ ಎಂಬ ಆಸೆಯಿತ್ತು. ಏಳೆಂಟು ರಾತ್ರಿಯಾದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಆ ಮುದುಕಿಗೆ ಯಾರರೆ ಒಂದಿನ ಕರದು, ಉಂಡಿಯೇನವ್ವ ಅಂತ ಕೇಳ್ಯಾರೇನು?’

ನನಗೆ ಉತ್ತರ ಹೊಳೆಯಲಿಲ್ಲ. ಮತ್ತೆ ಮೊದಲಿನಿಂದ ಓದಿದೆ. ಗಂಡ ಸತ್ತವಳು, ಎರಡು ಗಂಡುಮಕ್ಕಳು, ಇಬ್ಬರೂ ದಡ್ಡರು. ಶ್ಯಾನುಭೋಗರ ಮನೆಯೆಂಬ ದೊಡ್ಡಸ್ತಿಕೆ ಬಿಡದು, ಜಮೀನು ಸಾಲಕ್ಕೆ ಹೋಗುವುದು ತಪ್ಪದು. ಬಾಯಿಯೊಂದೇ ಅವಳ ಆಸ್ತಿ. ಅವಳು ಒಳ್ಳೆಯವಳೆಂದು ಲೇಖಕರು ಎಲ್ಲೂ ಹೇಳುವುದಿಲ್ಲ, ಕ್ಷಮಿಸಿ ಎಂದು ಕೇಳುವುದೂ ಇಲ್ಲ. ಆದರೆ ಓದುವವಳು ಹುಡುಕಿದರೆ ಅವಳ ಹಸಿವು ಸಿಗುತ್ತದೆ. ಅದೇ ಪುಸ್ತಕದಲ್ಲಿ ಅಕ್ಕಮ್ಮನಂಥ ಅಜ್ಜಿಯೂ ಇದ್ದಾಳೆ. ತಾಯಿ ಸತ್ತ ಮೇಲೆ ಹುಡುಗ ವಿಶ್ವನನ್ನು ಕರೆದುಕೊಂಡು ಹೋಗುವ, ಭಿಕ್ಷೆ ಬೇಡಿ ಬದುಕುವ ಮಹಾದೇವಯ್ಯನವರೂ ಇದ್ದಾರೆ. ಆದ್ದರಿಂದ ಗಂಗಮ್ಮ ಲೋಕದ ಅತ್ತೆಯರಿಗೆಲ್ಲ ಸಾಕ್ಷಿಯಾಗುವುದಿಲ್ಲ. ರಾಮಸಂದ್ರದ ಒಬ್ಬ ಗಂಗಮ್ಮನಾಗಿಯೇ ಉಳಿಯುತ್ತಾಳೆ. ಭೈರಪ್ಪನವರ ತಾಯಿಯೂ ಪ್ಲೇಗಿನಲ್ಲೇ ತೀರಿಕೊಂಡವರು. ಅಷ್ಟು ಹತ್ತಿರದ ನೋವನ್ನು ಬರೆಯುವಾಗಲೂ ಅವರು ಕೆಟ್ಟವರ ಮೇಲೆ ಸೇಡು ತೀರಿಸಿಕೊಳ್ಳಲಿಲ್ಲ. ಆ ಕಾದಂಬರಿಯ ದೊಡ್ಡತನ ನನಗೆ ಕಂಡದ್ದು ಅಲ್ಲಿ.

ಎರಡನೆಯ ಜಗಳ ‘ಕವಲು’ ಬಂದಾಗ, 2010ರಲ್ಲಿ. ಅಲ್ಲಿ ಬೇಡವಾದವಳು ಮಂಗಳೆ. ಓದಿದವಳು, ದುಡಿಯುವವಳು, ಕಾನೂನನ್ನು ಕೈಯಲ್ಲಿ ಹಿಡಿದು ಗಂಡ ಜಯಕುಮಾರನನ್ನು ಹಣಿಯುವವಳು. ವಿಚಿತ್ರವೆಂದರೆ, ಗಂಗಮ್ಮನನ್ನು ನಿಜವೆಂದ ನಾವು ಮಂಗಳೆಯನ್ನು ಸುಳ್ಳೆಂದೆವು. ‘ಗೃಹಭಂಗ’ವನ್ನು ಅರ್ಧಕ್ಕೆ ಬಿಟ್ಟವರು ‘ಕವಲ’ನ್ನು ಒಂದೇ ಉಸಿರಿಗೆ ಓದಿ, ‘ಇದು ಖರೆ ಮಾತು’ ಎಂದರು.

ಅಂದು ಬಸ್ಸಿನಲ್ಲಿ ಎದುರಿಗೆ ಕುಳಿತಿದ್ದ ಗೆಳತಿ ಬಿಡಲಿಲ್ಲ. ಅವಳ ಅಣ್ಣ ವರದಕ್ಷಿಣೆ ಕಿರುಕುಳದ ಕೇಸಿನಲ್ಲಿ ವರ್ಷಗಟ್ಟಲೆ ಕೋರ್ಟಿಗೆ ಅಲೆದವನು. ಆ ಕೇಸು ಸುಳ್ಳೆಂದು ಅವಳ ನಂಬಿಕೆ. ‘ಗಂಗಮ್ಮ ಹಳೇ ಕಾಲದ ಮುದುಕಿ, ಆಕಿಗೆ ಬೈದ್ರ ನಿಮಗೇನೂ ನಷ್ಟಿಲ್ಲ. ಮಂಗಳೆ ನಿಮ್ಮ ಹಾಂಗೇ ಕಲ್ತಾಕಿ. ಅದಕ್ಕ ನಿಮಗ ಚುಚ್ಚತದ’ ಎಂದಳು. ಮಾತು ನನಗೆ ತಾಗಿತು. ನಮಗೆ ಹತ್ತಿರದವರ ಕೆಟ್ಟತನವನ್ನು ನಾವು ಸುಲಭವಾಗಿ ಒಪ್ಪುವುದಿಲ್ಲ. ಮಂಗಳೆಯಂಥವರು ಲೋಕದಲ್ಲಿ ಇಲ್ಲವೆಂದು ನಾನು ಹೇಳಲಾರೆ. ಆದ್ದರಿಂದ ಆ ಪುಸ್ತಕವನ್ನೂ ಇನ್ನೊಮ್ಮೆ ಓದಿದೆ, ಈ ಸಲ ಅತ್ತೆಯ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು.

ಅದಕ್ಕೆ ಅಲ್ಲಿ ಉತ್ತರ ಸಿಗಲಿಲ್ಲ. ಮಂಗಳೆ ಇಡುವ ಒಂದೊಂದು ಹೆಜ್ಜೆಯೂ ಮೊದಲೇ ತೀರ್ಮಾನವಾದ ಒಂದು ಮಾತನ್ನು ಸಾಧಿಸಲು ಇಟ್ಟಂತಿದೆ. ಅವಳ ಬುದ್ಧಿ ಕೆಡಲು ಇಳಾ ಎಂಬ ಅಧ್ಯಾಪಕಿ ಕಲಿಸಿದ ಸ್ತ್ರೀ ಸ್ವಾತಂತ್ರ್ಯದ ಪಾಠವೇ ಮೂಲ ಎನ್ನುವಂತೆ ಕಥೆ ಸಾಗುತ್ತದೆ. ಓದುತ್ತ ನನಗೆ ನಗು ಬಂತು. ಇಷ್ಟು ವರ್ಷ ಪಾಠ ಹೇಳಿದ್ದೇನೆ. ನಾನು ಹೇಳಿದ ಒಂದು ಮಾತಾದರೂ ಹುಡುಗಿಯರ ಬಾಳಿನಲ್ಲಿ ಅಷ್ಟು ನೇರವಾಗಿ ನಡೆದದ್ದನ್ನು ಕಾಣೆ! ‘ಒಳ್ಳೆಯ ಹೆಂಡತಿ ವೈಜಯಂತಿ ಇಲ್ಲವೇ?’ ಎಂದು ಕೇಳಬಹುದು. ಇದ್ದಾಳೆ, ತೀರಿಕೊಂಡಿದ್ದಾಳೆ. ತೀರಿಕೊಂಡವಳನ್ನು ಒಳ್ಳೆಯವಳೆನ್ನುವುದು ಕಷ್ಟವಲ್ಲ. ಮಂಗಳೆ ಕೆಟ್ಟವಳೆಂಬುದು ನನ್ನ ತಕರಾರಲ್ಲ. ಗಂಗಮ್ಮನಿಗೆ ಸಿಕ್ಕ ಹಸಿವು ಅವಳಿಗೆ ಸಿಗಲಿಲ್ಲ ಎಂಬುದು ತಕರಾರು.

ಪುಸ್ತಕದ ಮಾತಿಗೆ ಇಷ್ಟು ಹೊಡೆದಾಟವೇಕೆ ಎನ್ನುತ್ತೀರಾ? ‘ಕವಲು’ ಬಂದು ಕೆಲವು ವರ್ಷಗಳಾದ ಮೇಲಿನ ಮಾತು. ನನ್ನ ಕೈಯಲ್ಲಿ ಕಲಿತ ಹುಡುಗಿಯೊಬ್ಬಳು ಗಂಡನ ಮನೆ ಬಿಟ್ಟು ಹುಮನಾಬಾದಿನ ತವರಿಗೆ ಬಂದಿದ್ದಳು. ಮೊಣಕೈ ಹತ್ತಿರ ಸುಟ್ಟ ಗಾಯವಿತ್ತು. ಪೊಲೀಸರಿಗೆ ದೂರು ಕೊಡಬೇಕೋ ಬೇಡವೋ ಎಂದು ಹಿರಿಯರು ಕೂತಾಗ ನನ್ನನ್ನೂ ಕರೆದಿದ್ದರು. ಅವರಲ್ಲೊಬ್ಬರು, ಓದಿಕೊಂಡವರೇ, ‘ಕವಲು ಓದೀರೇನು? ಈಗಿನ ಹುಡುಗಿಯರು ಹಾಂಗೇ’ ಎಂದು ನಕ್ಕರು. ಹುಡುಗಿ ನನ್ನ ಮುಖ ನೋಡಿದಳು. ನಾನು ಆ ಪುಸ್ತಕ ಓದಿದ್ದೆ, ಅದರ ಮೇಲೆ ವಾದ ಮಾಡಿ ಗೆದ್ದವಳೂ ಆಗಿದ್ದೆ. ಅಂದು ನನ್ನ ಬಾಯಿ ಏಳಲಿಲ್ಲ. ದೂರು ಹೋಗಲಿಲ್ಲ, ಅವಳನ್ನು ತಿರುಗಿ ಕಳಿಸಿದರು.

ಇದಕ್ಕೆ ಭೈರಪ್ಪನವರು ಹೊಣೆಯಲ್ಲ. ಕಾದಂಬರಿಯನ್ನು ಸಾಕ್ಷಿಯ ಕಟಕಟೆಗೆ ಹತ್ತಿಸಿದವರು ಓದುಗರು. ಆದರೆ ಒಂದು ಮಾತು ಹೇಳಬೇಕು. ಗಂಗಮ್ಮನ ಹೆಸರು ಹೇಳಿ ಯಾವ ಅತ್ತೆಯ ಬಾಯಿಯನ್ನೂ ಮುಚ್ಚಿಸಲಾಗದು. ಹೊರಟವಳು ನಾನೇ, ಸೋತವಳೂ ನಾನೇ. ಮಂಗಳೆಯ ಹೆಸರು ಹೇಳಿ ಒಬ್ಬ ಹುಡುಗಿಯ ಬಾಯಿ ಮುಚ್ಚಿಸಿದ್ದನ್ನು ಮಾತ್ರ ಈ ಕಣ್ಣಿಂದ ಕಂಡೆ. ಒಬ್ಬಳು ಮನುಷ್ಯಳಾಗಿ ಬಂದಳು, ಇನ್ನೊಬ್ಬಳು ಮಾದರಿಯಾಗಿ ಬಂದಳು. ಮಾದರಿಯನ್ನು ಯಾರ ಮೇಲೆ ಬೇಕಾದರೂ ಇಟ್ಟು ಅಳೆಯಬಹುದು.

ಗೆಳತಿಗೆ ಇದನ್ನೆಲ್ಲ ಹೇಳಿದೆ. ಅವಳು ಒಪ್ಪಲಿಲ್ಲ, ‘ನಮ್ಮ ಅಣ್ಣನ್ನ ಯಾರು ಕೇಳ್ಯಾರ್ರೀ?’ ಎಂದಳು. ಅದೂ ಅತ್ತೆಯ ಪ್ರಶ್ನೆಯೇ. ಹುಮನಾಬಾದು ಬಂತು, ಇಳಿದೆವು. ಮರುದಿನ ‘ಗೃಹಭಂಗ’ ಕೊಡುತ್ತೇನೆಂದೆ. ಈ ಸಲ ಪೂರ್ತಿ ಓದುತ್ತೇನೆಂದು ಒಪ್ಪಿದ್ದಾಳೆ.