ಇಷ್ಟಾರ್ ಮತ್ತು ಎಲ್ಲಮ್ಮ: ಒಂದು ಹೋಲಿಕೆಯ ವಿಮರ್ಶೆ

ಬೆಳಗಾವಿ ನಗರದಲ್ಲಾಗಲಿ ಖಾನಾಪುರದ ಹಳ್ಳಿಗಳಲ್ಲಾಗಲಿ ಯೆರೆಮೀಯನ ಗ್ರಂಥದ ಮೇಲೆ ಪ್ರಸಂಗ ಮಾಡುವವರಿಗೆ ಒಂದು ಹೋಲಿಕೆ ಬಲು ಸುಲಭವಾಗಿ ದೊರೆಯುತ್ತದೆ: ಬಾಬೆಲಿನ ಇಷ್ಟಾರಳೇ ಸವದತ್ತಿಯ ಎಲ್ಲಮ್ಮ, ಅಲ್ಲಿಯ ದೇವಾಲಯದ ಸ್ತ್ರೀಯರೇ ಇಲ್ಲಿಯ ದೇವದಾಸಿಯರು. ಇದನ್ನು ಪರೀಕ್ಷಿಸದೆ ಸ್ವೀಕರಿಸಲಾಗದು. ಹೀಗೆ ಹೆಸರಿಸಲ್ಪಡುವ ಸ್ತ್ರೀಯರು ಪುರಾತನ ಗ್ರಂಥಗಳಲ್ಲಿ ಮಾತ್ರವಲ್ಲ, ನಮ್ಮ ನೆರೆಯಲ್ಲಿಯೂ ಬಾಳುತ್ತಿದ್ದಾರೆ.

ಹೋಲಿಕೆಯ ಮೂಲಾಧಾರ ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸನ ಮಾತು. ಬಾಬೆಲಿನ ಪ್ರತಿ ಸ್ತ್ರೀಯೂ ಬಾಳಿನಲ್ಲೊಮ್ಮೆ ದೇವಿಯ ಆಲಯದಲ್ಲಿ ಕುಳಿತು ಪರಪುರುಷನಿಗೆ ಒಪ್ಪಿಸಿಕೊಳ್ಳಬೇಕಿತ್ತೆಂದು ಅವನು ಬರೆದನು. ಅವನು ಆ ದೇವಿಯನ್ನು ಕರೆದದ್ದು ಮಿಲಿಟ್ಟಾ ಎಂದು, ಇಷ್ಟಾರ್ ಎಂದಲ್ಲ. ಬೆಣೆಲಿಪಿಯ ಫಲಕಗಳು ಇಂತಹ ಪದ್ಧತಿಯನ್ನು ಸಮರ್ಥಿಸುವುದಿಲ್ಲ. 2008ರಲ್ಲಿ ಸ್ಟೆಫನಿ ಬುಡಿನ್ ಎಂಬ ವಿದುಷಿ ಈ ‘ಪವಿತ್ರ ವೇಶ್ಯಾವೃತ್ತಿ’ಯೇ ಕಲ್ಪಿತವೆಂದು ಸವಿಸ್ತಾರವಾಗಿ ವಾದಿಸಿದರು. ಸುಮೇರಿನಲ್ಲಿ ಇನಾನ್ನಾ ಎನಿಸಿಕೊಂಡ ಈ ದೇವಿ ಪ್ರೇಮಕ್ಕೂ ಯುದ್ಧಕ್ಕೂ ಒಡತಿ. ಶುಕ್ರಗ್ರಹ ಅವಳ ಚಿಹ್ನೆ. ಅವಳ ಸ್ತೋತ್ರಗಳನ್ನು ರಚಿಸಿದವಳೆಂದು ಪರಂಪರೆ ಹೇಳುವ ಎನ್ಹೆದುವಾನ್ನಾ, ಸಾರ್ಗೋನ್ ಅರಸನ ಮಗಳು, ಊರ್ ಪಟ್ಟಣದ ಮಹಾಯಾಜಕಿ.

ವೇದಶಾಸ್ತ್ರವು ತೋರಿಸುವ ಚಿತ್ರ ಬೇರೆ. ಯೆರೆಮೀಯ 7:18ರಲ್ಲಿ ಮಕ್ಕಳು ಸೌದೆ ಕೂಡಿಸುತ್ತಾರೆ, ತಂದೆಗಳು ಬೆಂಕಿ ಹೊತ್ತಿಸುತ್ತಾರೆ, ಸ್ತ್ರೀಯರು ಆಕಾಶದ ರಾಣಿಗಾಗಿ ಹಿಟ್ಟು ನಾದುತ್ತಾರೆ. ದೇವಿಯ ಸ್ಥಾನ ಮನೆಯ ಒಲೆಯ ಬಳಿ. ಸೇವೆಯನ್ನು ನಿಲ್ಲಿಸಿದಂದಿನಿಂದಲೇ ಕೊರತೆ ಬಂತೆಂದು 44ನೆಯ ಅಧ್ಯಾಯದಲ್ಲಿ ಜನರು ವಾದಿಸುವಾಗ ಅದರ ಹಿಂದಿರುವುದು ಹಸಿವಿನ ಭಯ. ಯೆಹೆಜ್ಕೇಲ 8:14ರ ಸ್ತ್ರೀಯರು ತಮ್ಮೂಜನಿಗಾಗಿ ಅಳುತ್ತಾರೆ. ಜಮದಗ್ನಿಯ ಮರಣಕ್ಕಾಗಿ ರಂಡಿ ಹುಣ್ಣಿಮೆಯಂದು ಬಳೆ ಒಡೆದು, ಮುತ್ತೈದೆ ಹುಣ್ಣಿಮೆಯಂದು ಮತ್ತೆ ತೊಡುವ ಎಲ್ಲಮ್ಮನ ಭಕ್ತೆಯರನ್ನು ಬಲ್ಲವರಿಗೆ ಇಲ್ಲಿ ನಿಜವಾದ ಸಾದೃಶ್ಯ ಕಾಣುವುದು. ಆದರೆ ಸಾದೃಶ್ಯವು ವಂಶಾವಳಿಯಲ್ಲ.

ಮುತ್ತು ಕಟ್ಟುವ ಪದ್ಧತಿಗೆ ಈ ನೆಲದಲ್ಲಿಯೇ ಕಾರಣಗಳಿವೆ: ಬಡತನ, ಜಾತಿ, ಗಂಡುಸಂತಾನವಿಲ್ಲದ ಮನೆಯ ಚಿಂತೆ, ಉಳ್ಳವರ ಅಧಿಕಾರ. 1934ರ ಮುಂಬಯಿ ಕಾನೂನೂ 1982ರ ಕರ್ನಾಟಕದ ಕಾನೂನೂ ಇದನ್ನು ನಿಷೇಧಿಸಿದವು. ದೋಷವನ್ನೆಲ್ಲ ಬಾಬೆಲಿಗೆ ಹೊರಿಸಿದರೆ ಊರಿನ ಜಮೀನುದಾರನು ನಮ್ಮ ಪ್ರಸಂಗದಿಂದ ತಪ್ಪಿಸಿಕೊಳ್ಳುತ್ತಾನೆ. ದಲಿತ ಕೇರಿಯ ಸ್ತ್ರೀ ಮಾತ್ರ ಉಳಿಯುತ್ತಾಳೆ.

ಇದರಿಂದ ಪ್ರವಾದಿಯ ವಿಗ್ರಹಖಂಡನೆ ಸಡಿಲವಾಗದೇ ಎಂದು ಕೆಲವರು ಕೇಳಬಹುದು. ಇಲ್ಲ. ಯೆರೆಮೀಯನ ತೀರ್ಪು ಇಡೀ ಮನೆತನದ ಮೇಲಿದೆ; ಸ್ತ್ರೀಯೊಬ್ಬಳನ್ನೇ ಬೆರಳಿಟ್ಟು ತೋರಿಸುವವರೇ ಅವನ ಮಾತನ್ನು ಕುಗ್ಗಿಸುತ್ತಾರೆ.

ನಾವು ‘ದೇವದಾಸಿ’ ಎಂದು ಅರ್ಥೈಸಲು ಆತುರಪಡುವ ‘ಕೆದೇಶಾ’ ಎಂಬ ಹೀಬ್ರೂ ಪದದ ಧಾತುವಿಗೆ ‘ಪ್ರತ್ಯೇಕಿಸು, ಪವಿತ್ರಗೊಳಿಸು’ ಎಂದರ್ಥ. ಆದಿಕಾಂಡ 38ರಲ್ಲಿ ಈ ಪದವನ್ನು ತಾಮಾರಳಿಗೆ ಅಂಟಿಸಲಾಗಿದೆ. ಅವಳನ್ನು ಸುಡಿರೆಂದ ಯೆಹೂದನೇ ಕಡೆಗೆ ತನಗಿಂತ ಅವಳು ನೀತಿವಂತಳೆಂದು ಒಪ್ಪಿಕೊಂಡನು. ಮತ್ತಾಯನು ಅವಳ ಹೆಸರನ್ನು ಕ್ರಿಸ್ತನ ವಂಶಾವಳಿಯಲ್ಲಿ ಬರೆದನು. ಬೆಳಗಾವಿಯ ಸಭೆಗಳು ಮುತ್ತು ಕಟ್ಟಿಸಿಕೊಂಡ ಸಹೋದರಿಯರ ಕುರಿತು ಮಾತಾಡುವಾಗ ಹೆರೊಡೋಟಸನನ್ನು ಬದಿಗಿಟ್ಟು ಈ ವಂಶಾವಳಿಯಿಂದಲೇ ಆರಂಭಿಸಬೇಕು.